ಪೆನ್ ಡ್ರೈವ್ ತಗೀರಿ, ವೈನಿ

ಬಬಲೇಶ್ವರದ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಕಿತ್ತು ಬಂತು. ಸೂಜಿ-ದಾರದ ಡಬ್ಬಿ ಕೆದಕುತ್ತ ಕೂತವನ ಕೈಗೆ ಗುಂಡಿಯ ಬದಲು ಒಂದು ಸ್ಕ್ರೂ ಸಿಕ್ಕಿತು. ಜೋಳದ ಕಾಳಿಗಿಂತ ಸಣ್ಣದು. ಹೆಂಡತಿ ಬಗ್ಗಿ ನೋಡಿ, "ತಿಕೋಟಾದ ಕಂಪ್ಯೂಟರಿಂದಲ್ರಿ ಇದು?" ಎಂದು ನಕ್ಕಳು. ಹೌದು, ಅದರದೇ. ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ ಯಾರನ್ನಾದರೂ ಕೇಳಿ ನೋಡಿ, ಕೊನೆಗೆ ಒಂದು ಸ್ಕ್ರೂ ಉಳಿದೇ ಉಳಿಯುತ್ತದೆ. ನಮಗೆ ಉಳಿಯಲಿಲ್ಲ ಎನ್ನುವವರು ಅದನ್ನು ಮಂಚದ ಕೆಳಗೆ ಕಳೆದಿರುತ್ತಾರೆ.

ಆ ಕಂಪ್ಯೂಟರ್ ನಮ್ಮ ವೈನಿಯದು. ನೀವು ಅತ್ತಿಗೆ ಎನ್ನುವವರನ್ನು ನಾವು ವೈನಿ ಎನ್ನುತ್ತೇವೆ. ಅಣ್ಣ-ವೈನಿ ಇರುವುದು ತಿಕೋಟಾದಲ್ಲಿ. ವೈನಿ ಅಲ್ಲಿಂದ ದಿನಾ ಬಸ್ಸು ಹಿಡಿದು ನಾವಿರುವ ಊರಿನ ಗಾಂಧಿ ಚೌಕದ ಒಂದು ಫೋಟೋ ಸ್ಟುಡಿಯೋಕ್ಕೆ ಬರುತ್ತಿದ್ದರು. ಮದುವೆಯ ಆಲ್ಬಮ್ ಜೋಡಿಸುವ ಕೆಲಸ. ಮದುಮಗಳು ಕಣ್ಣು ಮುಚ್ಚಿದ ಫೋಟೋ ಬದಿಗಿಟ್ಟು ಕಣ್ಣು ಬಿಟ್ಟದ್ದನ್ನು ಹುಡುಕುವುದು, ಮಾನಪಾನ ಸಾಲಲಿಲ್ಲವೆಂದು ಮುಖ ಊದಿಸಿಕೊಂಡ ಬೀಗರು ಜಿಲೇಬಿ ತಿನ್ನುವಾಗ ನಕ್ಕದ್ದನ್ನು ಹಿಡಿದು ಮುಂದೆ ತರುವುದು. ವೈನಿ ಕೈ ಆಡಿಸಿದ ಆಲ್ಬಮ್ಮಿನಲ್ಲಿ ಜಗಳವಾದ ಮದುವೆ ಕೂಡ ಸುಖವಾಗಿ ನಡೆದಂತೆ ಕಾಣುತ್ತಿತ್ತು. ಆ ಆಲ್ಬಮ್ಮುಗಳ ಹಿಂದೆ ಸ್ಟುಡಿಯೋದ ಹೆಸರಿರುತ್ತಿತ್ತು, ಅಷ್ಟೇ.

ಸ್ಟುಡಿಯೋ ಮುಚ್ಚಿತು. ವೈನಿ ಮನೆಯಲ್ಲಿ ಕೂತರು. ಒಮ್ಮೆ ನಾನು ಹೋದಾಗ ಚಹಾದ ಕಪ್ಪು ಕೊಡುತ್ತ, "ತಮ್ಮಾ, ಈ ಕೈ ಸುಮ್ಮನ ಕೂಡವಲ್ವು ನೋಡು" ಎಂದರು. ಪರಿಚಯದ ಫೋಟೋಗ್ರಾಫರ್ ಒಬ್ಬ ಒಂದು ಮದುವೆಯ ಫೋಟೋ ಕೊಡಲು ಒಪ್ಪಿದ್ದನಂತೆ. ಮನೆಯಲ್ಲೇ ಮಾಡಿಕೊಡಬೇಕು. ಹೇಳಿದ ಹೊತ್ತಿಗೆ ಆದರೆ ಮುಂದಿನ ಕೆಲಸವೆಲ್ಲ ಇವರಿಗೆ, ಆಗದಿದ್ದರೆ ಅದೆಲ್ಲ ಸೋಲಾಪುರದವರಿಗೆ. ಕಂಪ್ಯೂಟರ್ ಎಲ್ಲಿಂದ ತರಬೇಕು ಎಂದು ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದ. ನಾನು ಎದೆ ಉಬ್ಬಿಸಿ, "ನಾ ಜೋಡಿಸಿ ಕೊಡ್ತೇನಿ" ಅಂದುಬಿಟ್ಟೆ.

ನನ್ನ ವಿದ್ಯೆಯೆಲ್ಲ ಫೋನಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಆ ವಿಡಿಯೋಗಳಲ್ಲಿ ಎಲ್ಲವೂ ಒಂದೇ ಸಲಕ್ಕೆ ಕೂಡುತ್ತದೆ, ಯಾರ ಬೆರಳೂ ಕೊಯ್ಯುವುದಿಲ್ಲ. ಅಂಗಡಿಯಿಂದ ಬಿಡಿಭಾಗ ತಂದು, ಜಲನಗರದ ನಮ್ಮ ಮನೆಯಲ್ಲಿ ಚಾಪೆ ಹಾಸಿ ಜೋಡಿಸಿ, ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಕಂಪ್ಯೂಟರಿನ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ಬಾಣಂತಿಯನ್ನು ಕರೆದೊಯ್ಯುವ ಹಾಗೆ ನಿಧಾನವಾಗಿ ತಿಕೋಟಾಕ್ಕೆ ಒಯ್ದೆ. ಅಲ್ಲಿ ಹಚ್ಚಿದರೆ ಪರದೆ ಕಪ್ಪು. ಮೆಮೊರಿಯ ಪಟ್ಟಿಯೊಂದು ಸರಿಯಾಗಿ ಕೂತಿರಲಿಲ್ಲ. ಅದನ್ನು ಒತ್ತಿದ ಮೇಲೆ ಡಿಸ್ಕ್ ಕಾಣಲಿಲ್ಲ. ಅದರ ವೈರು ಸಡಿಲಾಗಿತ್ತು. ಎರಡನ್ನೂ ನಾನೇ ಹುಡುಕಿದೆನೆಂಬ ಜಂಬ ಬಂತು. ಅಷ್ಟರಲ್ಲಿ ಮನೆಗೆ ಬೀಗರು ಬಂದಿದ್ದಾರೆಂದು ಫೋನು. ವಿಂಡೋಸ್ ತುಂಬಿದ ಪೆನ್ ಡ್ರೈವ್ ಅನ್ನು ವೈನಿಯ ಕೈಗೆ ಕೊಟ್ಟು, ಆರಂಭದಲ್ಲಿ ಯಾವ ಗುಂಡಿ ಒತ್ತಿ ಪೆನ್ ಡ್ರೈವಿನ ಹೆಸರು ಆರಿಸಬೇಕೆಂದು ತೋರಿಸಿ, "ಉಳದದ್ದು ಫೋನಿನ್ಯಾಗ ಹೇಳ್ತೇನ್ರಿ" ಎಂದು ಹೊರಟುಬಂದೆ.

ಮಧ್ಯಾಹ್ನ ವೈನಿಯ ಫೋನು. ಫೈಲುಗಳೆಲ್ಲ ಇಳಿದಿವೆ, ಕಂಪ್ಯೂಟರ್ ತಾನೇ ಬಂದಾಗಿ ಮತ್ತೆ ಶುರುವಾಗುತ್ತಿದೆ. "ಭಾಳ ಚಲೋ ಆತು. ಈಗ ಪೆನ್ ಡ್ರೈವ್ ತಗೀರಿ, ವೈನಿ" ಅಂದೆ.

"ತಗದೇನಿ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ತಮ್ಮಾ, ಭಾಷಾ ಯಾವ್ದು ಬೇಕು ಅಂತ ಮತ್ತ ಮೊದ್ಲಿಂದ ಕೇಳಾಕತ್ತೈತಿ."

ಮತ್ತೆ ಇಳಿಸಿದರು. ಮತ್ತೆ ಮೊದಲಿನಿಂದ. ಪ್ರತಿ ಸಲ ನಾನು "ಪೆನ್ ಡ್ರೈವ್ ತಗದೀರಿಲ್ಲೋ?" ಎನ್ನುವುದು, ಅವರು "ತಗದೇನಪಾ" ಎನ್ನುವುದು. ಇತ್ತ ಬೀಗರು ಹೋಳಿಗೆ ಉಣ್ಣುತ್ತಿದ್ದರೆ ನಾನು ಹಿತ್ತಲಲ್ಲಿ ನಿಂತು ಡಿಸ್ಕ್ ಕೆಟ್ಟಿದೆ ಅಂದೆ, ಮದರ್‌ಬೋರ್ಡ್ ಕೆಟ್ಟಿದೆ ಅಂದೆ, ತಿಕೋಟಾದ ಕರೆಂಟಿನ ಮೇಲೂ ಅನುಮಾನಪಟ್ಟೆ. ನನ್ನ ತಲೆಯೊಂದನ್ನು ಬಿಟ್ಟು ಎಲ್ಲದರ ಮೇಲೂ ಅನುಮಾನ ಬಂತು.

ಕೊನೆಗೆ ಅಣ್ಣ ಫೋನು ತೆಗೆದುಕೊಂಡ. "ಇದು ನಮಗ ಆಗೂದಲ್ಲ ಬಿಡಪಾ. ನಾಳೆ ಅಂಗಡಿಯವಗ ಎಲ್ಲಾ ತಿರಗಿ ಕೊಟ್ಟು ಬರ್ತೇನಿ. ಬೇಕಾದ್ರ ಆಕಿಗೊಂದು ಹೊಲಗಿ ಮಶೀನ್ ತರೂಣು." ಅಣ್ಣ ಕೆಟ್ಟವನಲ್ಲ, ಹೆದರಿಕೆಯವನು. ಆದರೆ ಆ ಡಬ್ಬಿ ಒಮ್ಮೆ ಮನೆಯಿಂದ ಹೊರಬಿದ್ದರೆ ಇನ್ನೊಂದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ವೈನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಿಂದಿನಿಂದ ಅವರ ದನಿ ಕೇಳಿತು: "ಇನ್ನೊಮ್ಮೆ ನೋಡೂಣು ತಡೀರಿ. ತಮ್ಮಾ, ಫೋನ್ ಇಡಬ್ಯಾಡ."

ಈ ಸಲ ನಾನು ಜಾಣತನ ಬದಿಗಿಟ್ಟು, "ವೈನಿ, ನಾ ಏನೂ ಹೇಳೂದಿಲ್ಲ. ನೀವು ಏನೇನ್ ಮಾಡ್ತೀರಿ ಅಷ್ಟೂ ಬಾಯಿ ಬಿಟ್ಟು ಹೇಳ್ಕೋತ ಮಾಡ್ರಿ" ಅಂದೆ.

"ಈಗ ಬಂದಾತು. ಹೊಳ್ಳಿ ಚಾಲೂ ಆತು. ನೀ ತೋರಿಸಿದ್ದ ಆ ಗುಂಡಿ ಒತ್ತಿದೆ. ಹೆಸರ ಆರಿಸಿದೆ. ಪೆನ್ ಡ್ರೈವ್ ತಗದೆ. ಒಳಗಿಂದೆಲ್ಲಾ ಕಾಣಾಕತ್ತೈತಿ."

"ಯಾತರ ಒಳಗಿಂದ್ರಿ?"

"ಪೆನ್ ಡ್ರೈವಿನ ಒಳಗಿಂದು."

"ವೈನಿ, ಪೆನ್ ಡ್ರೈವ್ ಈಗ ಎಲ್ಲೈತಿ?"

"ಡಬ್ಬಿಗೇ ಐತಿ. ಹಚ್ಚಿದ್ರ ತಾನ ತಗಿಯಾಕ ಬರೂದು?"

ನಾನು ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತೆ.

ನಮ್ಮ ಕಡೆಯ ಈ 'ತಗಿ' ಎಂಬ ಮಾತನ್ನು ಸ್ವಲ್ಪ ನೋಡಿ. ಹಲ್ಲು ತಗಿ ಎಂದರೆ ಕೀಳುವುದು. ಬಾಗಿಲು ತಗಿ ಎಂದರೆ ತೆರೆಯುವುದು, ಅದನ್ನು ಕೇಳಿ ಯಾರೂ ಬಾಗಿಲನ್ನು ಕಿತ್ತು ಅಂಗಳಕ್ಕೆ ಒಯ್ಯುವುದಿಲ್ಲ. ಫೋಟೋ ತಗಿಯುತ್ತೇವೆ, ಜಗಳ ತಗಿಯುತ್ತೇವೆ, ಸುಮ್ಮನಿದ್ದವರ ಹೆಸರು ತಗಿಯುತ್ತೇವೆ. ಹುಟ್ಟಿದಾಗಿನಿಂದ ಆಡಿದ ಮಾತು, ಎಲ್ಲಿ ಯಾವ ಅರ್ಥವೆಂದು ಯೋಚಿಸುವ ಗೋಜಿಗೇ ನಾವು ಹೋಗುವುದಿಲ್ಲ. ಸ್ಟುಡಿಯೋದಲ್ಲಿ ಗಿರಾಕಿಗಳು ಪೆನ್ ಡ್ರೈವ್ ತಂದುಕೊಟ್ಟು "ತಗೀರಿ, ಫೋಟೋ ನೋಡೂಣು" ಎನ್ನುತ್ತಿದ್ದರು. ವೈನಿ ಅದನ್ನು ಹಚ್ಚಿ, ತೆರೆದು, ತೋರಿಸುತ್ತಿದ್ದರು. ಈಗಲೂ ಅದನ್ನೇ ಮಾಡಿದ್ದರು. ನಾನು ಕಿತ್ತಿಡಿ ಎಂಬ ಅರ್ಥದಲ್ಲಿ ತಗೀರಿ ಅಂದಾಗಲೆಲ್ಲ ಅವರು ಗುಂಡಿ ಒತ್ತಿ ಅದನ್ನು ತೆರೆದಿದ್ದರು, ತೆರೆದಾಗಲೆಲ್ಲ ಕಂಪ್ಯೂಟರ್ ಪಾಪ ವಿಂಡೋಸ್ ಇಳಿಸುವುದನ್ನು ಮೊದಲಿನಿಂದ ಶುರು ಮಾಡಿತ್ತು. ಕೆಟ್ಟದ್ದು ಯಾವುದೂ ಇರಲಿಲ್ಲ.

"ಕೀಳ್ರಿ, ವೈನಿ. ಕಿತ್ತು ಕೈಯಾಗ ಹಿಡಕೋರಿ."

"ಯವ್ವಾ! ಹಂಗಂತ ಮೊದ್ಲ ಹೇಳಬಾರದಾ?" ಎಂದು ಅವರು ನಕ್ಕ ನಗು ಫೋನು ದಾಟಿ ನಮ್ಮ ಬೀಗರಿಗೂ ಕೇಳಿತು. ಕಿತ್ತರು. ಕಂಪ್ಯೂಟರ್ ಈ ಸಲ ಡಿಸ್ಕಿನಿಂದಲೇ ಎದ್ದು ಮುಂದಕ್ಕೆ ಸಾಗಿತು. ಆಮೇಲೆ ವೈನಿಯ ದನಿ ಸಣ್ಣದಾಯಿತು.

"ತಮ್ಮಾ, ಹೆಸರ ಕೇಳಾಕತ್ತೈತಿ. ಯಾರ್ದು ಬರೀಲಿ?"

"ಅದರ ಮುಂದ ಯಾರು ಕೂಡ್ತಾರ, ಅವರ್ದು."

ಹಿಂದಿನಿಂದ ಅಣ್ಣ ಗೊಣಗಿದ್ದು ಕೇಳಿತು: "ನಿಂದ ಬರಿ. ಕರೆಂಟ್ ಬಿಲ್ಲಿಗೆ, ಗ್ಯಾಸಿಗೆ, ಮನಿಗೆ ಎಲ್ಲಾಕೂ ನಂದ ಐತಲ್ಲ."

ಒಂದೊಂದೇ ಅಕ್ಷರ ಒತ್ತುವ ಸಪ್ಪಳ. ಬಳಿಕ ವೈನಿ, "ನನ್ನ ಹೆಸರ ಬಂತು. 'ಹಾಯ್' ಅನ್ನಾಕತ್ತೈತಿ ನೋಡು ನನಗ" ಅಂದರು. ಒಳಗೆ ಬಂದಾಗ ಹೋಳಿಗೆ ಖಾಲಿಯಾಗಿತ್ತು, ನನಗೆ ಬೇಸರವೂ ಆಗಲಿಲ್ಲ.

ಇವತ್ತು ಹೇಗೋ ಗುಂಡಿ ಹಚ್ಚಿಕೊಂಡು ಬಬಲೇಶ್ವರ ಮುಟ್ಟಿದೆವು. ಅಕ್ಷತೆ ಬಿದ್ದ ಮೇಲೆ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ಮದುಮಗಳ ತಾಯಿ ಫೋಟೋದವನನ್ನು ತರುಬಿಕೊಂಡು ನಿಂತಿದ್ದರು. "ಫೋಟೋ ನೀವು ಹೆಂಗರ ತಗೀರಿ. ಆಲ್ಬಮ್ ಮಾತ್ರ ಕಸ್ತೂರಿ ಮೇಡಮ್ ಅವರ ಕಡೆನ ಆಗಬೇಕು ನೋಡ್ರಿ."

ಯಾವ ಮೇಡಮ್ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಎಷ್ಟೋ ವರ್ಷಗಳಿಂದ ವೈನಿ ವೈನಿ ಎಂದೇ ಕರೆದವನು, ಆ ಹೆಸರನ್ನು ಬೇರೆಯವರ ಬಾಯಲ್ಲಿ ಹೀಗೆ ಕೇಳಿದ್ದೇ ಇಲ್ಲ. ಫೋಟೋದವನು, "ತಿಕೋಟಾದವ್ರಲ್ರಿ? ನಾವೂ ಅವ್ರ ಕಡೆನ ಕೊಡೂದ್ರಿ. ಆದ್ರ ಕೈತುಂಬ ಕೆಲಸ ಐತಿ ಅವ್ರಿಗೆ, ಸ್ವಲ್ಪ ಕಾಯಬೇಕ್ರಿ" ಅಂದ.

ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಅವರ ನಡುವೆ ತಲೆ ತೂರಿಸಿ, ಅಂಗಿ ಸರಿಪಡಿಸಿಕೊಂಡು ಹೇಳಿದೆ:

"ನಾ ಅವ್ರ ಮೈದ್ನರಿ."