ಪಿಳ್ಳಮ್ಮನ ದನಿಯಲ್ಲಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮೈಮೇಲೆ ಬರುವುದು, ಗಾಳಿ ಸೋಕುವುದು, ತಾಯತ, ನಿಂಬೆಹಣ್ಣು ಎಂದು ಯಾರಾದರೂ ಮಾತು ತೆಗೆದರೆ ಸ್ಟಾಫ್ ರೂಮಿನಲ್ಲಿ ಮೊದಲು ನಗುತ್ತಿದ್ದವಳು ನಾನೇ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಇದುವರೆಗೆ ಹೇಳಿರಲಿಲ್ಲ. ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮದು ಸೂಲಿಬೆಲೆಗೆ ಹತ್ತಿರದ ಹಳ್ಳಿ. ನನ್ನ ಗಂಡ ಹೊಸಕೋಟೆ ಕಡೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮನೆಯಲ್ಲಿ ನಾವಿಬ್ಬರು, ಆಗ ಆರನೇ ಕ್ಲಾಸಿನಲ್ಲಿದ್ದ ಮಗಳು ಮತ್ತು ನಮ್ಮತ್ತೆ ನಾರಾಯಣಮ್ಮ. ಅತ್ತೆ ಎರಡು ಹಸು ಸಾಕಿಕೊಂಡು ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು. ಅವರಿಗೆ ಒಬ್ಬಳೇ ತಂಗಿ, ಪಿಳ್ಳಮ್ಮ. ಆಕೆಯನ್ನು ಮಾಲೂರಿನ ಕಡೆ ಕೊಟ್ಟಿದ್ದರು. ಪ್ರತಿ ಶನಿವಾರ ಸಂಜೆ ಆರು ಗಂಟೆಗೆ ಅತ್ತೆ ತಮ್ಮ ಪುಟ್ಟ ಬಟನ್ ಫೋನ್ ಹಿಡಿದು ಜಗಲಿಯ ಮೇಲೆ ಕೂತರೆಂದರೆ ಅಕ್ಕತಂಗಿಯರ ಮಾತು ಸುಲಭಕ್ಕೆ ಮುಗಿಯುತ್ತಿರಲಿಲ್ಲ. ನಮಗೆ ಕೇಳುತ್ತಿದ್ದುದು ಅತ್ತೆಯ ಮಾತು ಮಾತ್ರ. ಕೊನೆಗೆ "ಆಯ್ತು ಬಿಡೇ, ಇಡ್ತೀನಿ" ಎಂದು ನಗುತ್ತ ಒಳಗೆ ಬರುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಎದೆನೋವು ಬಂತು. ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಯಿತು. ಅದಾದ ನಾಲ್ಕನೇ ದಿನ ಮಾಲೂರಿನಿಂದ ಸುದ್ದಿ ಬಂತು. ಪಿಳ್ಳಮ್ಮ ಹಾಲು ಕರೆಯುತ್ತ ಕೂತಲ್ಲೇ ಕುಸಿದು ತೀರಿಕೊಂಡಿದ್ದರು. ಇಂಥ ಸುದ್ದಿಯನ್ನು ಈಗಲೇ ಕಿವಿಗೆ ಹಾಕಬೇಡಿ, ಸ್ವಲ್ಪ ದಿನ ಹೋಗಲಿ ಎಂದರು ಡಾಕ್ಟರು. ನನ್ನ ಗಂಡ ಒಬ್ಬರೇ ಹೋಗಿ ಮಣ್ಣು ಹಾಕಿ ಬಂದು, ಅದೇ ದಿನ ಅಮ್ಮನ ಮಂಚದ ಪಕ್ಕ ಕೂತು ಕಿತ್ತಳೆ ಸುಲಿದುಕೊಟ್ಟರು.

ಮನೆಗೆ ಬಂದ ಮೇಲೆ ಅತ್ತೆಯ ಮೊದಲ ಮಾತೇ "ಪಿಳ್ಳಿಗೆ ಫೋನ್ ಮಾಡ್ಬೇಕು" ಎಂಬುದು. ಪಿಳ್ಳಮ್ಮನಿಗೆ ಮಂಡಿನೋವು, ಅದಕ್ಕೇ ಆಸ್ಪತ್ರೆಗೆ ಬರಲಿಲ್ಲ ಎಂದು ಸುಳ್ಳು ಹೇಳಿಯಾಗಿತ್ತು. ಫೋನಿಗೆ ಏನು ಹೇಳುವುದು? ಶನಿವಾರ ಹತ್ತಿರ ಬಂದಂತೆ ಗಂಡ ಕಂಗಾಲಾದರು. ಮಾಲೂರಿಗೆ ಹೋಗಿ ಪಿಳ್ಳಮ್ಮನ ಮಗಳ ಹತ್ತಿರ ಅವಳ ತಾಯಿಯ ಫೋನನ್ನೇ ಕೇಳಿ ತಂದರು. ನನ್ನ ಕೈಗಿಟ್ಟು, "ನೀನೇ ಮಾತಾಡೇ. ಅಮ್ಮಂಗೆ ಕಿವಿ ಮಂದ, ಗೊತ್ತಾಗಲ್ಲ. ಇದೊಂದ್ ಸಲ" ಎಂದರು.

ನಾನು ಒಪ್ಪಿದೆ. ಇದೇ ನಾನು ಹೇಳಿದ ತಪ್ಪು. ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಎಲೆಅಡಿಕೆ ಹಾಕಿ ಹಾಕಿ ಒಡೆದುಹೋಗಿದ್ದ ಪಿಳ್ಳಮ್ಮನ ದನಿಯಲ್ಲಿ "ಅಕ್ಕಾ, ಹೆಂಗಿದೀಯಕ್ಕಾ?" ಎಂದೆ. ಕೆಳಗಿನ ಜಗಲಿಯಿಂದ ಅತ್ತೆ "ಇದೀನಿ ಕಣೇ" ಎಂದರು. ಎರಡು ನಿಮಿಷ ಮಾತಾಡಿ, ಮಂಡಿನೋವು, ಮಳೆ, ಹಸು ಎಂದೆಲ್ಲ ಹೇಳಿ, "ಇಡ್ತೀನಕ್ಕ" ಎಂದು ಫೋನ್ ಕತ್ತರಿಸಿದೆ. ಗಂಡ ನೆಮ್ಮದಿಯಿಂದ ಉಸಿರು ಬಿಟ್ಟರು.

ಇದೊಂದು ಸಲ ಎಂದದ್ದು ಎಂಟು ಶನಿವಾರ ನಡೆಯಿತು. ಸತ್ತವರ ಫೋನಿಗೆ ನಾನು ಚಾರ್ಜ್ ಹಾಕುತ್ತಿದ್ದೆ. ಸದ್ದು ಬರದಂತೆ ಮಾಡಿ ಬೀರುವಿನ ಸೀರೆಗಳ ನಡುವೆ ಇಡುತ್ತಿದ್ದೆ.

ಆ ದಿನಗಳಲ್ಲೇ ಅತ್ತೆಯ ನಡವಳಿಕೆ ವಿಚಿತ್ರವಾಗತೊಡಗಿತು. ಮುಂಜಾನೆ ಎದ್ದು ತಣ್ಣೀರನ್ನು ತಲೆಗೆ ಸುರಿದುಕೊಳ್ಳುವರು. ಎದೆಯ ಗಾಯ ಮಾಗಿಲ್ಲ ಎಂದರೂ ಕೇಳರು. ತಾವು ಉಣ್ಣುವ ಮೊದಲು ಒಂದು ಹಿಡಿ ಅನ್ನ ಕಾಂಪೌಂಡಿನ ಮೇಲಿಟ್ಟು ಕಾಗೆ ಬರುವ ತನಕ ನಿಲ್ಲುವರು. ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂರುವರು. "ಅಮ್ಮಾ, ಅಜ್ಜಿ ಒಳಗೆ ಯಾರ ಜೊತೇನೋ ಮಾತಾಡ್ತಾ ಇದ್ರು" ಎಂದು ಮಗಳು ಬಂದು ಹೇಳಿದಳು. ಹೋಗಿ ನೋಡಿದರೆ ಅತ್ತೆಯ ಜೊತೆ ಎರಡು ಹಸುಗಳನ್ನು ಬಿಟ್ಟು ಯಾರೂ ಇರಲಿಲ್ಲ. ಕೇಳಿದರೆ ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ "ಏನಿಲ್ಲ ಹೋಗಮ್ಮ" ಎನ್ನುತ್ತಿದ್ದರು.

ನನ್ನ ಕಥೆಯೂ ಸರಿಯಿರಲಿಲ್ಲ. ಶನಿವಾರ ಮಧ್ಯಾಹ್ನವಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬರಬರುತ್ತ ಬೇರೆ ದಿನಗಳಲ್ಲೂ ಶುರುವಾಯಿತು. ಒಂದು ದಿನ ಕ್ಲಾಸಿನಲ್ಲಿ ಪಾಠ ಮಾಡುತ್ತಿರುವಾಗಲೇ ಉಸಿರು ಕಟ್ಟಿದಂತಾಗಿ ಗೋಡೆ ಹಿಡಿದು ಕೂತುಬಿಟ್ಟೆ. ಇಸಿಜಿ, ರಕ್ತಪರೀಕ್ಷೆ ಎಲ್ಲ ಮಾಡಿಸಿದ್ದಾಯಿತು, ಎಲ್ಲವೂ ಸರಿಯಾಗಿಯೇ ಇತ್ತು. ಮನೆಯಲ್ಲಿ ಗಂಡನಿಗೂ ನನಗೂ ಸಣ್ಣದಕ್ಕೆಲ್ಲ ಜಗಳ. ಅಮ್ಮನಿಗೆ ನಿಜ ಹೇಳೋಣ ಎಂದು ನಾನು ಅಂದರೆ, ಹೇಳಿ ಅವರನ್ನೂ ಕಳಕೊಳ್ಳೋಣವಾ ಎಂದು ಅವರು ಸಿಡುಕುತ್ತಿದ್ದರು.

ಗಂಡನಿಗೆ ಇದೆಲ್ಲ ಬೇರೆ ಥರ ಕಾಣತೊಡಗಿತು. ಹೊಸಕೋಟೆಯ ಒಬ್ಬ ಜ್ಯೋತಿಷಿ ಇದು ಪಿತೃದೋಷ ಎಂದ. ಇನ್ನೊಬ್ಬ, ಯಾರೋ ಮಾಟ ಮಾಡಿಸಿದ್ದಾರೆಂದು ಬಾಗಿಲಿಗೆ ಕುಂಬಳಕಾಯಿ ಕಟ್ಟಿಸಿದ. ಅನುಗೊಂಡನಹಳ್ಳಿ ಕಡೆಯಿಂದ ಬಂದ ಮೂರನೆಯವನು ಕೊಟ್ಟಿಗೆಯಲ್ಲಿ ನಿಂತು ಕಣ್ಣು ಮುಚ್ಚಿ, ಇಲ್ಲಿ ಹೆಣ್ಣು ಗಾಳಿ ಇದೆ, ಹಸುಗಳನ್ನು ಮಾರಿಬಿಡಿ ಎಂದ. ಅವನ ಮಾತು ಮುಗಿಯುವ ಮೊದಲೇ ಅತ್ತೆ ಕಪ್ಪು ಹಸುವಿನ ಕೊರಳು ತಬ್ಬಿ ನಿಂತರು. ಆವತ್ತು ಅವರ ಕಣ್ಣು ನೋಡಿ ಯಾರೂ ಹಸು ಮಾರುವ ಮಾತೆತ್ತಲಿಲ್ಲ. ನಾನು ಒಳಗೊಳಗೇ ಬೈದುಕೊಂಡೇ ಇವರೆಲ್ಲ ಹೇಳಿದ್ದನ್ನು ಮಾಡಿದೆ. ಕೈಗೆ ದಾರ ಕಟ್ಟಿಸಿಕೊಂಡೆ. ಯಾವುದರಿಂದಲೂ ಏನೂ ಆಗಲಿಲ್ಲ.

ನನ್ನ ಜೊತೆ ಗಣಿತ ಕಲಿಸುತ್ತಿದ್ದ ತಬಸ್ಸುಮ್ ಮೇಡಂ ಒಂದು ದಿನ ನನ್ನ ಕೈ ಹಿಡಿದು, "ಸಮೇತನಹಳ್ಳಿ ಹತ್ರ ಚಿನ್ನಮ್ಮಜ್ಜಿ ಅಂತ ಇದಾರೆ. ನಮ್ಮ ಅಮ್ಮೀನ ಕರ್ಕೊಂಡು ಹೋಗಿದ್ವಿ. ಮಂತ್ರ ಗಿಂತ್ರ ಏನಿಲ್ಲ. ಸುಮ್ನೆ ಹೋಗಿ ಕೂತು ಬನ್ನಿ ಮೇಡಂ" ಎಂದರು. ಅತ್ತೆಯ ವಿಷಯವನ್ನಾಗಲೀ ಫೋನಿನ ವಿಷಯವನ್ನಾಗಲೀ ನಾನು ಅವರಿಗೆ ಹೇಳಿರಲಿಲ್ಲ. ನನಗೆ ಉಸಿರು ಕಟ್ಟುವುದಷ್ಟೇ ಅವರಿಗೆ ಗೊತ್ತಿದ್ದದ್ದು.

ಅವರೆಕಾಯಿಯ ಕಾಲ ಅದು. ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಶಾಲೆಯ ಕೆಲಸವೆಂದು ಹೇಳಿ ಒಬ್ಬಳೇ ಹೊರಟೆ. ಚಿನ್ನಮ್ಮಜ್ಜಿಯ ಮನೆ ಸಣ್ಣ ಹೆಂಚಿನ ಮನೆ. ಪೂಜೆಯ ಸಾಮಾನು ಕಾಣಲಿಲ್ಲ, ಬಂದವರ ಸಾಲೂ ಇರಲಿಲ್ಲ. ಎಂಬತ್ತರ ಹತ್ತಿರದ, ತೆಳ್ಳಗಿನ, ಕಿವಿಯಲ್ಲಿ ಓಲೆಯಿಲ್ಲದ ಮುದುಕಿ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದರು. ನಾನು ತಂದಿದ್ದ ಬಾಳೆಹಣ್ಣನ್ನು ಮುಟ್ಟಲೇ ಇಲ್ಲ. "ಹಸುಗೆ ಹಾಕು" ಎಂದು ಎದುರಿನ ಹಟ್ಟಿ ತೋರಿಸಿದರು. ಆಮೇಲೆ ಬೋಗುಣಿಯನ್ನು ನನ್ನ ಕಡೆ ನೂಕಿ, "ಕೂತ್ಕೊ. ಹಿದುಕು" ಎಂದರು.

ಹಿದುಕಿದೆ. ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಕಾಳು ಪಾತ್ರೆಗೆ ಬೀಳುತ್ತಿತ್ತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಅಜ್ಜಿ ಏನೂ ಕೇಳಲಿಲ್ಲ. ಕೊನೆಗೆ ನಾನೇ ಶುರುಮಾಡಿದೆ. ಅತ್ತೆಯ ತಣ್ಣೀರು ಸ್ನಾನ, ಕಾಗೆಗೆ ಅನ್ನ, ಕೊಟ್ಟಿಗೆಯ ಮಾತು, ನನಗೆ ಉಸಿರು ಕಟ್ಟುವುದು ಎಲ್ಲ ಹೇಳಿದೆ. ಪಿಳ್ಳಮ್ಮನ ಹೆಸರನ್ನಾಗಲೀ ಫೋನಿನ ಮಾತನ್ನಾಗಲೀ ಎತ್ತಲಿಲ್ಲ. ಅವರಿಗೊಬ್ಬ ತಂಗಿ ಇದ್ದರು ಎಂದು ಕೂಡ ಹೇಳಲಿಲ್ಲ. ಇದನ್ನು ನಾನು ನೂರು ಸಲ ನೆನಪು ಮಾಡಿಕೊಂಡು ನೋಡಿದ್ದೇನೆ.

"ನಿಮ್ಮತ್ತೆಗೆ ಏನೂ ಆಗಿಲ್ಲ ಕಣವ್ವ," ಎಂದರು ಅಜ್ಜಿ, ಕಾಳಿನಿಂದ ಕಣ್ಣೆತ್ತದೆ. "ಸತ್ತೋರಿಗೆ ಮಾಡೋದನ್ನ ಮಾಡ್ತಾವ್ಳೆ. ಬಾಯಿ ಬಿಟ್ಟು ಅಳಂಗಿಲ್ಲ, ಅದ್ಕೆ ಹಸು ಹತ್ರ ಅಳ್ತಾವ್ಳೆ."

ಇಷ್ಟನ್ನು ಯಾವ ಬುದ್ಧಿವಂತರಾದರೂ ಊಹಿಸಬಹುದಿತ್ತು. ನಾನು ಹೇಳಿದ ವಿವರಗಳಲ್ಲೇ ಅದು ಇತ್ತು. ನನಗೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಆದರೆ ಅಜ್ಜಿ ಮುಂದೆ ಹೇಳಿದ್ದು ನನ್ನ ಯಾವ ವಿವರದಲ್ಲೂ ಇರಲಿಲ್ಲ.

"ನೀನು ಸತ್ತೋಳ ಗಂಟಲಲ್ಲಿ ಮಾತಾಡೋದು ನಿಲ್ಸು. ಇಬ್ರ ಉಸಿರು ಒಂದೇ ಎದೇಲಿ ಹಿಡ್ಸಲ್ಲ, ಅದ್ಕೇ ನಿಂಗೆ ಕಟ್ಟದು. ಅಲ್ದೆ ನಿಂಗೆ ಅವಳಂಗೆ ಮಾತಾಡಕ್ಕೂ ಬರಾಕಿಲ್ಲ. 'ನೀನೇ ಇಡಕ್ಕ, ನನ್ ಕೈಲಾಗಲ್ಲ' ಅನ್ನೋಳು ಅವಳು. ನೀನು ಟಕ್ ಅಂತ ಇಟ್ಬಿಡ್ತೀಯ."

ನನಗೆ ಅಳು ಬಂತು. ಅಜ್ಜಿ ಸಮಾಧಾನ ಮಾಡಲಿಲ್ಲ, ಬೆನ್ನು ಸವರಲಿಲ್ಲ, ತಮ್ಮ ಪಾಡಿಗೆ ಕಾಳು ಹಿದುಕುತ್ತಲೇ ಇದ್ದರು. ಅಷ್ಟು ಹೊತ್ತು ಒಬ್ಬರ ಎದುರಿಗೆ ನಾಚಿಕೆಯಿಲ್ಲದೆ ಅತ್ತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಎದ್ದು ಹೊರಟಾಗ ಹಿದುಕಿದ ಬೇಳೆಯಲ್ಲಿ ಅರ್ಧವನ್ನು ಎಲೆಯಲ್ಲಿ ಕಟ್ಟಿ ಕೊಟ್ಟು, "ಸಾರು ಮಾಡು. ಅವಳ ಜೊತೆ ಕೂತ್ಕೊಂಡು ಉಣ್ಣು" ಎಂದರು. ಇಷ್ಟೇ ಅವರು ಹೇಳಿದ ಪರಿಹಾರ.

ಮನೆಗೆ ಬಂದಾಗ ಮಧ್ಯಾಹ್ನ. ಅತ್ತೆ ಕೊಟ್ಟಿಗೆಯಲ್ಲಿದ್ದರು. ಬೀರುವಿನಿಂದ ಪಿಳ್ಳಮ್ಮನ ಫೋನ್ ತೆಗೆದುಕೊಂಡು ನೇರವಾಗಿ ಹೋಗಿ ಅವರ ಎದುರು ನೆಲದ ಮೇಲೆ ಕೂತೆ. ಫೋನನ್ನು ಅವರ ಮಡಿಲಿನಲ್ಲಿಟ್ಟೆ. ಅವರ ಎದೆಗೆ ಏನಾದರೂ ಆಗಿಬಿಟ್ಟರೆ ಎಂಬ ಭಯದಲ್ಲಿ ಅವರ ಮುಖವನ್ನೇ ನೋಡುತ್ತಿದ್ದೆ.

ಅತ್ತೆ ಫೋನನ್ನು ಸೆರಗಿನಿಂದ ಒರೆಸಿದರು. "ಯಾವತ್ತು ಹೋದ್ಲು?" ಎಂದು ಕೇಳಿದರು.

ಹೇಳಿದೆ.

"ಮೊದಲ್ನೇ ಸಲ ನೀನು ಮಾತಾಡ್ದಾಗ್ಲೇ ಗೊತ್ತಾಯ್ತು ಕಣಮ್ಮ. ನನ್ ಪಿಳ್ಳಿ ಯಾವತ್ತೂ ತಾನಾಗೆ ಫೋನ್ ಇಟ್ಟೋಳಲ್ಲ. 'ನೀನೇ ಇಡಕ್ಕ, ನನ್ ಕೈಲಾಗಲ್ಲ' ಅನ್ನೋಳು. ಪ್ರತಿ ಸಲ."

ಬೆಳಿಗ್ಗೆ ಕೇಳಿದ ಅದೇ ಮಾತು, ಅಕ್ಷರ ಕೂಡ ಬದಲಾಗಿರಲಿಲ್ಲ.

"ಗೊತ್ತಿದ್ದೂ ಯಾಕತ್ತೆ ಸುಮ್ನಿದ್ರಿ?"

"ನನ್ನ ಉಳಿಸ್ಕೊಳ್ಳಕ್ಕೆ ಅಂತ ನೀನು ಅಷ್ಟು ಒದ್ದಾಡ್ತಿದ್ದೆ. ಗೊತ್ತಾಯ್ತು ಅಂದ್ರೆ ನೀನೆಲ್ಲಿ ಮುಖ ಇಟ್ಕೋತೀಯ? ಎಲ್ಲಾ ನನ್ ಮಗನ ಕೆಲಸ, ನೀನೇನ್ ಮಾಡ್ತೀಯ." ಕಪ್ಪು ಹಸುವಿನ ಬೆನ್ನ ಮೇಲೆ ಕೈಯಾಡಿಸಿದರು. "ಇದು ಅವಳ ಮನೇಲಿ ಹುಟ್ಟಿದ ಕರ. ಇದರ ಹತ್ರ ಹೇಳ್ಕೊಂಡೆ. ಇನ್ನೇನು."

ಆಮೇಲೆ ಅತ್ತೆ ಅತ್ತರು, ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೊರಹಾಕಿ, ತಂಗಿಯ ಹೆಸರು ಹಿಡಿದು, ಎದೆ ಬಡಿದುಕೊಳ್ಳದಂತೆ ನಾನು ಕೈ ಹಿಡಿದುಕೊಂಡಿರುವಾಗ. ಸದ್ದು ಕೇಳಿ ಓಡಿ ಬಂದ ನನ್ನ ಗಂಡ ಕೊಟ್ಟಿಗೆಯ ಬಾಗಿಲಲ್ಲೇ ಕೂತುಬಿಟ್ಟರು. ಅತ್ತೆಯ ಎದೆಗೆ ಏನೂ ಆಗಲಿಲ್ಲ. ಮಾರನೆಯ ದಿನ ಎಲ್ಲರೂ ಮಾಲೂರಿಗೆ ಹೋಗಿ ಪಿಳ್ಳಮ್ಮನ ಮಣ್ಣಿಗೆ ಹಾಲು ಬಿಟ್ಟು ಬಂದೆವು. ಅತ್ತೆ ತಣ್ಣೀರು ಸ್ನಾನ ಬಿಟ್ಟರು. ನನ್ನ ಎದೆಬಡಿತ ಒಂದೇ ದಿನಕ್ಕೆ ನಿಂತಿತು ಎಂದರೆ ಸುಳ್ಳಾಗುತ್ತದೆ. ಮನೋವೈದ್ಯರೊಬ್ಬರನ್ನು ಕಂಡು ಕೆಲವು ತಿಂಗಳು ಮಾತ್ರೆ ನುಂಗಿದೆ, ನಿಧಾನವಾಗಿ ಸರಿಹೋಯಿತು. ಅದನ್ನೂ ಹೇಳಬೇಕು.

ಒಂದು ಹೆಂಗಸು ಸೊಸೆಯ ಮಾನ ಉಳಿಸಲು ಎಂಟು ವಾರ ತನ್ನ ದುಃಖವನ್ನು ನುಂಗಿಕೊಂಡು, ಪ್ರತಿ ಶನಿವಾರ ಸುಳ್ಳು ದನಿಗೆ "ಇದೀನಿ ಕಣೇ" ಎಂದು ಉತ್ತರ ಕೊಟ್ಟಳಲ್ಲ, ಅದನ್ನು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಅದು ವಿಚಿತ್ರವಲ್ಲ, ದೊಡ್ಡತನ. ವಿಚಿತ್ರವಾದದ್ದು ಬೇರೆ. ಚಿನ್ನಮ್ಮಜ್ಜಿಯ ಹೆಸರನ್ನೇ ಅತ್ತೆ ಕೇಳಿರಲಿಲ್ಲ. ಮಾಲೂರಿನವರಿಗೂ ಸಮೇತನಹಳ್ಳಿಗೂ ಸಂಬಂಧವಿರಲಿಲ್ಲ. ಆ ಮಾತು ಅಕ್ಕತಂಗಿಯರಿಬ್ಬರ ಕಿವಿಗಳ ನಡುವೆ ಇದ್ದದ್ದು, ಪಿಳ್ಳಮ್ಮನ ಮಗಳಿಗೂ ಗೊತ್ತಿರಲಿಲ್ಲ. ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಎರಡು ತಿಂಗಳ ಮೇಲೆ ಅತ್ತೆಯನ್ನು ಕರೆದುಕೊಂಡು ಚಿನ್ನಮ್ಮಜ್ಜಿಯ ಮನೆಗೆ ಹೋದೆ. ಇಬ್ಬರು ಮುದುಕಿಯರೂ ಮೇವು, ಹಾಲು, ಮೊಮ್ಮಕ್ಕಳು ಎಂದು ಮಾತಾಡಿಕೊಂಡು ಕೂತರು. ಹೊರಡುವಾಗ ತಡೆಯಲಾರದೆ ನಾನು ಹಿಂದೆ ನಿಂತು, "ಅಜ್ಜಿ, ಫೋನ್ ಇಡೋ ಮುಂಚೆ ಅವರು ಅಂತಿದ್ದ ಮಾತು ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ.

ಅಜ್ಜಿ ನಿಜವಾಗಿಯೂ ಆಶ್ಚರ್ಯಪಟ್ಟಂತೆ ನನ್ನ ಮುಖ ನೋಡಿದರು.

"ಇದೇನವ್ವ ಹಿಂಗ್ ಕೇಳ್ತೀಯ? ಅವತ್ತು ಕಾಳು ಹಿದುಕ್ತಾ ನೀನೇ ಹೇಳ್ದಲ್ಲ."

ನಾನು ಹೇಳಿರಲಿಲ್ಲ. ಹೇಳೋಣವೆಂದರೂ ಆ ಮಾತು ಆಗ ನನಗೆ ಗೊತ್ತೇ ಇರಲಿಲ್ಲ.