ಎರಡು ಬೀದಿಗಳ ನಡುವಿನ ನೆಂಟಸ್ತಿಕೆ

ಬಡವರ ಕೈಗೆ ನೇರವಾಗಿ ಹಣ ಕೊಟ್ಟರೆ ಬದುಕು ಸುಧಾರಿಸುತ್ತದೆಯೇ ಎಂದು ಅಳೆದು ನೋಡುವ ವಿದ್ಯೆಯಲ್ಲಿ, ನಮ್ಮ ಸಂಸ್ಥೆಯಿಂದ ಈಗ ನಿವೃತ್ತರಾಗುತ್ತಿರುವ ಮುಖ್ಯ ಸಂಶೋಧಕಿಯವರಿಗೆ ಸರಿಸಾಟಿಯಾದವರು ವಿರಳ. ಪ್ರೀತಿಯಿಂದ, ಕೆಲವೊಮ್ಮೆ ಹಲ್ಲು ಕಡಿದುಕೊಂಡು, ಸಹೋದ್ಯೋಗಿಗಳು ಅವರನ್ನು 'ಇನ್ನೊಮ್ಮೆ ಮೇಡಂ' ಎನ್ನುತ್ತಿದ್ದರು. ಎಲ್ಲ ಸರಿಯಿದ್ದರೂ "ಇನ್ನೊಮ್ಮೆ ಹೋಗಿ ಬನ್ನಿ" ಎಂದು ಅಟ್ಟುವುದು ಅವರ ಪದ್ಧತಿ. ಮನೆಮನೆ ಸುತ್ತುವ ಕೆಲಸದಿಂದಲೇ ಮೇಲೆ ಬಂದವರಾದ್ದರಿಂದ ಅವರೆದುರು ಯಾರ ಜಂಬವೂ ನಡೆಯುತ್ತಿರಲಿಲ್ಲ. ಬೈಯುವುದಿದ್ದರೂ ಮೊದಲು ಟೀ ಕುಡಿಸುತ್ತಿದ್ದರು. ಜ್ವರದಲ್ಲಿ ಮಲಗಿದ ಸಹಾಯಕನ ಪಾಲಿನ ಮನೆಗಳನ್ನೆಲ್ಲ ತಾವೇ ಸುತ್ತಿ, ವರದಿಯಲ್ಲಿ ಅವನ ಹೆಸರನ್ನೇ ಹಾಕಿದವರು ಅವರು.

ಗಿರಣಿ ಮುಚ್ಚಿಹೋದ ಬಡಾವಣೆಯೊಂದರಲ್ಲಿ ಒಂದು ಬೀದಿಯ ಹೆಂಗಸರಿಗೆ ತಿಂಗಳು ತಿಂಗಳು ಹಣ ಸಿಗುತ್ತಿತ್ತು. ಪಕ್ಕದ ಬೀದಿಗೆ ಇಲ್ಲ. ಎರಡನ್ನೂ ಹೋಲಿಸಿದರೆ ವ್ಯತ್ಯಾಸವೇ ಕಾಣಲಿಲ್ಲ, ಎರಡೂ ಒಂದೇ ಸಮ ಚೇತರಿಸಿಕೊಂಡಿದ್ದವು. ಯೋಜನೆ ವ್ಯರ್ಥ, ನಿಲ್ಲಿಸಬಹುದು ಎಂಬ ವರದಿ ಸಿದ್ಧವಾಯಿತು. ಮೇಡಂ ಸಹಿ ಹಾಕಿದರೆ ಹಣ ನಿಂತಂತೆಯೇ.

ಹಣ ಕಾಣದ ಬೀದಿಯೂ ಚೇತರಿಸಿಕೊಂಡದ್ದು ಹೇಗೆ? ಏನೋ ಹೊಳೆದವರಂತೆ ಮೇಡಂ ಆ ಬೀದಿಗೆ ಹೊರಟರು. ಮೊದಲ ಮನೆಯಲ್ಲೇ ಹೊಸ ಹೊಲಿಗೆ ಯಂತ್ರ ಗಡಗಡಿಸುತ್ತಿತ್ತು.

"ನಿಮ್ಮ ತವರು ಯಾವುದಮ್ಮ?"

"ಆಚೆ ಬೀದಿನೇ ಮೇಡಂ. ಜಗಳ ಆಡ್ಕೊಂಡು ತವರಿಗೆ ಹೋದ್ರೂ ನಮ್ಮತ್ತೆ ಬೈಯೋದು ಕೇಳಿಸುತ್ತೆ!"

"ಮೆಷಿನ್ ತವರಲ್ಲಿರೋ ಅತ್ತಿಗೆ ಕೊಡಿಸಿದ್ದಾ?"

"ಅರ್ಧ ಅವಳದು. ತಿಂಗಳ ದುಡ್ಡು ಅವಳದು, ಕೈ ನನ್ನದು."

ಮುಂದಿನ ಮನೆಗಳಲ್ಲೂ ಮೇಡಂ ತವರನ್ನೇ ಕೇಳಿದರು. ಎಲ್ಲರ ಬೆರಳೂ ಆಚೆ ಬೀದಿಯತ್ತಲೇ. ಹೆಣ್ಣು ಕೊಟ್ಟು ತಂದುಕೊಂಡ ಬೀದಿಗಳ ನಡುವೆ ಸಂಸ್ಥೆ ಗೆರೆ ಎಳೆದಿತ್ತು. ಹಣ ಗೆರೆ ದಾಟಿ ಎರಡೂ ಕಡೆ ಒಲೆ ಹಚ್ಚಿತ್ತು.

ಹೋಲಿಕೆಯೇ ತಪ್ಪೆಂದು ಕೇಳಿ ಸಂಸ್ಥೆಯ ನಿರ್ದೇಶಕರು ಸಿಡಿಮಿಡಿಗೊಂಡರು. "ಈಗ ತಪ್ಪು ಒಪ್ಕೊಂಡ್ರೆ ಸಂಸ್ಥೆ ಮಾನ ಏನಾಗ್ಬೇಕು?"

"ಮಾನ ಮತ್ತೆ ಸಂಪಾದಿಸೋಣ ಸಾರ್. ಅವರು ಮೆಷಿನ್ ಮಾರ್ಕೊಂಡ್ರೆ ನೀವು ತಂದ್ಕೊಡ್ತೀರಾ?"

ಸಹಿ ಬೀಳಲಿಲ್ಲ. ಪರಸ್ಪರ ನೆಂಟಸ್ತಿಕೆಯಿಲ್ಲದ ದೂರದ ಬಡಾವಣೆಗಳನ್ನು ಆರಿಸಿ ಮೇಡಂ ಹೊಸದಾಗಿ ಅಧ್ಯಯನ ಮಾಡಿಸಿದರು. ಹಣ ಸಿಕ್ಕ ಕಡೆ ಊಟವೂ ದುಡಿಮೆಯೂ ಸುಧಾರಿಸಿದ್ದವು. ಶಾಲೆ ಬಿಟ್ಟ ಮಕ್ಕಳು ಮಾತ್ರ ಮರಳಿರಲಿಲ್ಲ. ಅದನ್ನೂ ಮುಚ್ಚಿಡದೆ ಬರೆದರು. ಯೋಜನೆ ಉಳಿಯಿತು.

ಕಳೆದ ವಾರ ಪಕ್ಕದ ಬೀದಿಗೂ ಹಣ ಮಂಜೂರಾಯಿತು. "ಇನ್ನು ಹೋಲಿಸೋಕೆ ಬೀದಿನೇ ಇಲ್ವಲ್ಲ ಮೇಡಂ" ಎಂದು ಕಿರಿಯರೊಬ್ಬರು ಪೇಚಾಡಿದರೆ, "ಇಲ್ದಿದ್ರೆ ಒಳ್ಳೇದೇ ಅಲ್ವೇನಪ್ಪ!" ಎಂದು ಮೇಡಂ ನಕ್ಕರು. ಹೋಲಿಸಲು ಬಡವರ ಬೀದಿಯೇ ಸಿಗದ ಕಾಲವನ್ನು ಕಣ್ಣಾರೆ ನೋಡುವಷ್ಟು ಆಯುಸ್ಸು ಅವರಿಗಿರಲಿ. ನಿವೃತ್ತರಾದರೂ ಅಲ್ಲಿಯವರೆಗೆ ಅವರ ಕೆಲಸ ನಿಲ್ಲದಿರಲಿ.