ಅವ್ವ ಒರೆಸಿದ ಸುಣ್ಣದ ಬೊಟ್ಟು

ಎಂಜಿನ್ನಿಗೆ ವಿಭೂತಿ ಹಚ್ಚಿದರೆ ಏನಾಗುತ್ತದೆ? ಗೊತ್ತಿಲ್ಲದವರು ನಮ್ಮ ಅವ್ವನನ್ನು ಕೇಳಬಹುದು. (ಸ್ವಲ್ಪ ದೂರ ನಿಂತು ಕೇಳಿ.)

ನಮ್ಮ ಹಳೆಯ ಅಂಬಾಸಡರಿನ ಗೋಳನ್ನು ಈ ಅಂಕಣದಲ್ಲಿ ಮೊದಲೂ ತೋಡಿಕೊಂಡಿದ್ದೇನೆ. ಈ ಸಲ ದಸರೆಯ ಹೊತ್ತಿಗೆ ಸರಿಯಾಗಿ ಅದರ ಟೈಮಿಂಗ್ ಚೈನು ಜೋತುಬಿತ್ತು. ಒಳಗೆ ಯಾರೋ ಕಡಲೆ ಬೀಸುತ್ತ ಕೂತಂತೆ ಸದ್ದು. ಅಷ್ಟಮಿಯ ದಿನ ದಸ್ತಗೀರ ಪೀರನವಾಡಿಯ ನಮ್ಮ ಮನೆಯಂಗಳಕ್ಕೇ ಬಂದು ಎಂಜಿನ್ ಬಿಚ್ಚಿದ. ದಸ್ತಗೀರ ನಮ್ಮ ಓಣಿಯ ಮೆಕ್ಯಾನಿಕ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಇಡೀ ಬೆಳಗಾವಿಯಲ್ಲಿ ಚೈನು ಕೂರಿಸಲು ಬರುವುದು ತನಗೊಬ್ಬನಿಗೇ ಎಂದು ಅವನೇ ಎಲ್ಲರಿಗೂ ಹೇಳಿಟ್ಟಿದ್ದಾನೆ.

ಅವಸರವೆಲ್ಲ ಅವ್ವನದು. ದಶಮಿಯ ದಿನ ಖಾನಾಪುರಕ್ಕೆ ಹೋಗಿ ತನ್ನ ಅಕ್ಕನಿಗೆ ಬನ್ನಿ ಕೊಡಬೇಕೆಂದು ಹಟ ಹಿಡಿದಿದ್ದಳು. ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವುದು, ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಇವರದು ಒಂದು ವರ್ಷದ ಮುನಿಸಲ್ಲವಲ್ಲ!

ಅಪ್ಪ ತೀರಿಕೊಂಡಾಗ ಜಡಿಮಳೆ. ಹೊಳೆ ಏರಿ ದಾರಿ ಬಂದಾಗಿ, ದೊಡ್ಡವ್ವನಿಗೆ ಮಣ್ಣಿಗೆ ಬಂದು ಮುಟ್ಟಲಾಗಲಿಲ್ಲ. ಮರುದಿನ ತೊಯ್ದ ಸೀರೆಯಲ್ಲಿ ಬಂದು ನಿಂತವಳಿಗೆ ಅವ್ವ ಬಾಗಿಲಲ್ಲೇ, "ಈಗ್ಯಾಕ ಬಂದಿ?" ಎಂದುಬಿಟ್ಟಳು. ದೊಡ್ಡವ್ವ ಹೊಸ್ತಿಲು ದಾಟದೆ ತಿರುಗಿ ಹೋದಳು. ಆಮೇಲೆ ಅವಳು ಮೊದಲು ಬರಲಿ ಎಂದು ಇವಳು, ಇವಳು ಮೊದಲು ಬರಲಿ ಎಂದು ಅವಳು. ಹಾಗೆ ಕಾಯುತ್ತಲೇ ಎಷ್ಟೋ ದಸರೆಗಳು ಕಳೆದವು.

ಈ ಸಲ ಬೆಲ್ಲ ಕೊಳ್ಳಲು ನಮ್ಮ ಅಂಗಡಿಗೆ ಬಂದ ಖಾನಾಪುರದವರೊಬ್ಬರು ಸುದ್ದಿ ಹೇಳಿದರು. ದೊಡ್ಡವ್ವನ ಕಣ್ಣು ಮಂಜಾಗಿವೆಯಂತೆ. ಹಗಲಲ್ಲಿ ಒಂದಿಷ್ಟು ಕಾಣುತ್ತದೆ, ಹೊತ್ತು ಮುಳುಗಿದರೆ ಏನೇನೂ ಇಲ್ಲ. ಮನೆಗೆ ಬಂದು ಹೇಳಿದೆ. ಅವ್ವ ಅಂದು ಊಟ ಮಾಡಲಿಲ್ಲ.

"ಅಕಿ ಕಣ್ಣಾಗ ಬೆಳಕ ಇರೂದ್ರಾಗ ನನ್ನ ಮಾರಿ ಒಮ್ಮೆ ನೋಡ್ಲಿ" ಎಂದಳು.

ಅವಳ ಮೊಣಕಾಲಿಗೂ ಬಸ್ಸಿನ ಮೆಟ್ಟಿಲಿಗೂ ಆಗಿಬರುವುದಿಲ್ಲ. ಹಬ್ಬದ ದಿನ ಬಾಡಿಗೆ ಕಾರು ಸಿಗುವುದುಂಟೇ? ಹೀಗಾಗಿ ಎಲ್ಲವೂ ದಸ್ತಗೀರನ ಮೇಲೆ ಬಂತು.

ಚೈನು ಬದಲಿಸುವುದರಲ್ಲಿ ಮಹಾ ಏನಿದೆ ಎಂದುಕೊಂಡಿದ್ದೆ. ಇದೆ ಸ್ವಾಮಿ. ಕೆಳಗೊಂದು ಸಣ್ಣ ಹಲ್ಲುಚಕ್ರ, ಪಿಸ್ಟನ್ನುಗಳ ಕಡೆಯದು. ಮೇಲೊಂದು ದೊಡ್ಡದು, ವಾಲ್ವುಗಳನ್ನು ತೆರೆದು ಮುಚ್ಚುವುದು. ಸಣ್ಣದು ಎರಡು ಸುತ್ತು ಬರುವಷ್ಟರಲ್ಲಿ ದೊಡ್ಡದು ನಿಧಾನವಾಗಿ ಒಂದು ಸುತ್ತು. ಎರಡರ ಮೇಲೂ ಒಂದೊಂದು ಗುರುತು. ಆ ಗುರುತುಗಳು ಎದುರುಬದುರು ಬಂದಾಗಲೇ ಚೈನು ಏರಿಸಬೇಕು. ಹಲ್ಲು ತಪ್ಪಿದರೂ ಚಕ್ರಗಳೇನೋ ತಿರುಗುತ್ತವೆ, ಗಾಡಿ ಮಾತ್ರ ಉಸಿರಾಡುವುದಿಲ್ಲ.

ನಮ್ಮ ಗಾಡಿಯ ಗುರುತುಗಳು ಸವೆದು ಮಾಯವಾಗಿದ್ದವು. ಚಕ್ರ ಕಳಚುವ ಮೊದಲು ದಸ್ತಗೀರ ಅವ್ವನ ಎಲೆಯಡಿಕೆ ಡಬ್ಬಿಯಿಂದ ಬೆರಳಷ್ಟು ಸುಣ್ಣ ಇಸಿದುಕೊಂಡು, ಸರಿಯಾದ ಹಲ್ಲುಗಳಿಗೆ ಒಂದೊಂದು ಬೊಟ್ಟು ಇಟ್ಟ. (ಎಲೆ ಹಾಕಿಕೊಳ್ಳಲು ಕೇಳಿದ ಎಂದೇ ಅವ್ವ ತಿಳಿದಳು.) ಚಕ್ರಗಳನ್ನು ಗೋಣಿಚೀಲದ ಮೇಲಿಟ್ಟು ಹೋದ.

ಮರುದಿನ ಖಂಡೇನವಮಿ. ಪೂಜೆಗಿಟ್ಟ ಪಾನಾ ಇಕ್ಕಳಗಳನ್ನು ಅಂದು ಯಾರೂ ಎತ್ತುವುದಿಲ್ಲ, ದಸ್ತಗೀರನೂ ಎತ್ತಲಿಲ್ಲ. ನಾನು ರವಿವಾರ ಪೇಟೆಯ ನಮ್ಮ ಅಂಗಡಿಗೆ ಹೋಗಿ ತಕ್ಕಡಿಗೆ ಹೂವು ಏರಿಸಿ ಬಂದೆ. ಮನೆಯಲ್ಲಿ ಅವ್ವ ಎಂಜಿನ್ನಿನ ಪೂಜೆ ಮುಗಿಸಿದ್ದಳು. ಕಾರಿನ ತುಂಬ ಚೆಂಡುಹೂವು.

ದಶಮಿಯ ಬೆಳಿಗ್ಗೆ ದಸ್ತಗೀರ ಬಂದ. ಬಿಳಿ ಬೊಟ್ಟುಗಳನ್ನು ಎದುರುಬದುರು ಮಾಡಿ ಹೊಸ ಚೈನು ಏರಿಸಿದ, ಬೋಲ್ಟು ಬಿಗಿದ, ಸ್ಟಾರ್ಟ್ ಮಾಡಿರಿ ಎಂದ. ಗಾಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಢಬ್ ಎಂದು ಸುಮ್ಮನಾಯಿತು. ಬನ್ನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ ಅವ್ವ ಕಿಟಕಿಯಿಂದ ಸೂರ್ಯನನ್ನು ನೋಡಿದಳು. ನೆತ್ತಿ ದಾಟಿದ್ದ.

ದಸ್ತಗೀರ ಮತ್ತೆ ಬಿಚ್ಚಿದ. ಬೊಟ್ಟನ್ನು ಉಗುರಿನಿಂದ ಕೆರೆದು ಮೂಸಿದ. "ಇದು ಸುಣ್ಣ ಅಲ್ರೀ" ಎಂದ.

ಹೇಗೆ ಸುಣ್ಣವಾದೀತು? ಎಲೆ ತಿನ್ನುವ ಗಂಡಸರು ಬೆರಳಿಗೆ ಉಳಿದ ಸುಣ್ಣವನ್ನು ಕಂಡ ಕಂಡ ಕಂಬಕ್ಕೆ ಒರೆಸಿದರೆ ಅವ್ವನಿಗೆ ಮೈ ಉರಿಯುತ್ತದೆ. ಇವನು ಚಕ್ರಕ್ಕೇ ಒರೆಸಿ ಹೋಗಿದ್ದಾನೆ ಎಂದು ಬೈದುಕೊಳ್ಳುತ್ತ, ತಿಕ್ಕಿ ತೊಳೆದು, ಚೆಂದ ಕಂಡ ಕಡೆ ವಿಭೂತಿ ಇಟ್ಟಿದ್ದಳು. ಅಪ್ಪಟ ಭಕ್ತಿ, ಎರಡು ಹಲ್ಲು ಆಚೆ!

ನನಗೆ ನಗು ಬಂತು. ಅವ್ವನ ಮುಖ ನೋಡಿ ನುಂಗಿಕೊಂಡೆ. ಅವಳ ಕಣ್ಣು ತುಂಬಿದ್ದವು. ನನ್ನ ದಾರಿಗೆ ನಾನೇ ಅಡ್ಡ ಬಂದೆನಲ್ಲೋ ಎಂದು ಮೆಲ್ಲಗೆ ಅಂದಳು.

ದಸ್ತಗೀರ ಬೈಯಲಿಲ್ಲ. ಗುರುತು ಹೋದರೆ ಹೋಗಲಿ, ಎಂಜಿನ್ನೇ ಹೇಳುತ್ತದೆ ಎಂದ. (ಇಂಥ ಮಾತು ಆಡುವ ಅವಕಾಶ ಸಿಕ್ಕರೆ ಅವನು ಬಿಡುವವನಲ್ಲ.) ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು ನಿಲ್ಲಿಸಿದ. ಎಂಜಿನ್ನಿನ ತಲೆಯ ಮುಚ್ಚಳ ತೆಗೆದು, ದೊಡ್ಡ ಚಕ್ರವನ್ನು ಎಷ್ಟು ಬೇಕೋ ಅಷ್ಟಷ್ಟೇ ತಿರುಗಿಸತೊಡಗಿದ.

ಆ ಮಧ್ಯಾಹ್ನ ಯಾಕೋ ಕನಸಿನ ಹಾಗಿತ್ತು. ಚೆಂಡುಹೂವಿನ ವಾಸನೆ, ಎಣ್ಣೆಯ ವಾಸನೆ, ಎಲ್ಲೋ ರೇಡಿಯೋ. ಚಕ್ರ ನೋಡುತ್ತ ನೋಡುತ್ತ ನನಗೆ ಜೋಂಪು ಹತ್ತಿತು. ಚಕ್ರದ ಜೊತೆ ಅಂಗಳವೂ ತಿರುಗಿದಂತೆ, ಅಪ್ಪ ಮುಂದಿನ ಸೀಟಿನಲ್ಲಿ ಕೂತು ಕರವಸ್ತ್ರ ಮಡಚುತ್ತಿರುವಂತೆ. ಅಪ್ಪನ ನೆನಪು ಹೀಗೆ ಬೆಳ್ಳಂಬೆಳಕಿನಲ್ಲೇ ಬರುತ್ತದೆ.

ದಸ್ತಗೀರನ ದನಿಗೆ ಎಚ್ಚರವಾಯಿತು. ಅವ್ವನಿಗೆ ಎರಡು ವಾಲ್ವು ತೋರಿಸುತ್ತಿದ್ದ. ಒಂದು ಹಳೆಯ ಹೊಗೆ ಹೊರಗೆ ಬಿಡುವುದು, ಇನ್ನೊಂದು ಹೊಸ ಗಾಳಿ ಒಳಗೆ ಕರೆಯುವುದು.

"ಇದು ಪೂರಾ ಮುಚ್ಚಿಲ್ಲ, ಅದು ಪೂರಾ ತೆರದಿಲ್ಲ. ಎರಡೂ ಒಂದ್ ಚೂರು ತೆರದಾವ ನೋಡ್ರಿ ಅವ್ವಾರ. ಚೈನ್ ಹಾಕೂದು ಇಲ್ಲೇ."

"ಒಂದು ಮುಚ್ಚಿದ ಮ್ಯಾಲ ಇನ್ನೊಂದು ತೆರದರ ಆಗೂದಿಲ್ಲೇನೋ?" ಎಂದಳು ಅವ್ವ.

"ಒಂದಕ್ಕೊಂದು ಕಾಯ್ಕೋತ ಕುಂತರ ಉಸರ ಕಟ್ಟತೈತ್ರಿ."

ಅವ್ವ ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಗಾಡಿ ಈ ಸಲ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಬೀಸುವ ಕಲ್ಲಿನ ಸದ್ದು ನಿಂತಿತ್ತು.

ಹೊತ್ತು ಇಳಿಯುವಾಗ ಹೊರಟೆವು. ಬತ್ತದ ಗದ್ದೆಗಳ ಮೇಲೆ ತೆಳ್ಳಗೆ ಮಂಜು ಏಳುತ್ತಿತ್ತು. ಜೋರಾಗಿ ಬಿಡು ಎಂದು ಅವ್ವ ಒಮ್ಮೆಯೂ ಅನ್ನಲಿಲ್ಲ, ಬಲಗಡೆಯ ಆಕಾಶವನ್ನೇ ನೋಡುತ್ತಿದ್ದಳು. ಖಾನಾಪುರ ಮುಟ್ಟುವಾಗ ಸೂರ್ಯ ಇರಲಿಲ್ಲ. ಬೆಳಕು ಇದೆ ಅಂದರೆ ಇತ್ತು, ಇಲ್ಲ ಅಂದರೆ ಇಲ್ಲ.

ದೊಡ್ಡವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಗಾಡಿಯ ಸದ್ದಿಗೆ ಎದ್ದು ನಿಂತು, ಯಾರು ಎಂದು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದಳು.

"ನಾ, ಅಕ್ಕ" ಎಂದಳು ಅವ್ವ. ಬನ್ನಿ ಹಿಡಿದ ಕೈ ಚಾಚಿ ನಿಂತಳು.

ದೊಡ್ಡವ್ವ ಬನ್ನಿ ತೆಗೆದುಕೊಳ್ಳಲಿಲ್ಲ. ಕಟ್ಟೆ ಇಳಿದು ಬಂದಳು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಪಡುವಣದಲ್ಲಿ ಉಳಿದಿದ್ದ ಬೆಳಕಿಗೆ ಅಷ್ಟಷ್ಟೇ ತಿರುಗಿಸಿದಳು. ಕಾಣುವಷ್ಟಕ್ಕೆ ನಿಲ್ಲಿಸಿ ನೋಡಿದಳು. ನಾನು ಎಂಜಿನ್ ಆಫ್ ಮಾಡುವುದನ್ನೂ ಮರೆತು ಕೂತಿದ್ದೆ.

"ಈಗಾದ್ರೂ ಬಂದೆಲ್ಲ" ಎಂದಳು ದೊಡ್ಡವ್ವ.

"ಈಗ್ಯಾಕ ಬಂದಿ" ಎಂಬುದಕ್ಕೂ "ಈಗಾದ್ರೂ ಬಂದೆಲ್ಲ" ಎಂಬುದಕ್ಕೂ ನಡುವೆ ಎಷ್ಟು ಹಲ್ಲಿನ ಅಂತರ, ನೀವೇ ಹೇಳಿ?